ಮೇಷ್ಟ್ರ ತಾಯಿ ಬಾಯಿ ಬಿಟ್ಟ ದಿನ

ತಾಶ್‌ಬುರುನ್
ಸರ್ಕಾರದ ಲೆಕ್ಕಕ್ಕೆ ೧೯೩೦ರ ಏಪ್ರಿಲ್, ನಿಮ್ಮ ಲೆಕ್ಕಕ್ಕೆ ಜುಲ್‌ಕಾದ ತಿಂಗಳು

ಅಲೆಕ್ಸಾಂಡ್ರಿಯಾದಲ್ಲಿ ಪುಸ್ತಕಗಳ ನಡುವೆ ಊಟ ಮರೆತು ಕೂತಿರುವ, ನನ್ನ ಯಜಮಾನರೂ ಗುರುಗಳೂ ಆದ ಹೊಜಾ ರಾಸಿಹ್ ಎಫೆಂದಿಯವರಿಗೆ, ಮನೆಯಿಂದ ಫಿತ್ನತ್ ಮಾಡುವ ಸಲಾಮು.

ನಾವು ಚೆನ್ನಾಗಿದ್ದೇವೆ ಎಂದು ಬರೆದರೆ ನೀವು ನಂಬುವುದಿಲ್ಲ, ಚೆನ್ನಾಗಿಲ್ಲ ಎಂದು ಬರೆದರೆ ನಿದ್ದೆಗೆಡುತ್ತೀರಿ. ಅದಕ್ಕೇ ನಡುವಿನದನ್ನು ಬರೆಯುತ್ತೇನೆ: ಬಲ ಮೊಣಕಾಲು ನೋಯುತ್ತಿದೆ, ಉಳಿದದ್ದೆಲ್ಲ ಅದರ ಪಾಡಿಗಿದೆ. ಗುಡ್ಡದ ಸೊಪ್ಪು ಇನ್ನೇನು ಬಲಿತುಹೋಗುತ್ತದೆ ಎಂದು ಮೊನ್ನೆ ಬುಟ್ಟಿ ಹಿಡಿದು ಹೊರಟೆ. ಪಕ್ಕದ ಮನೆಯ ಹೆಂಗಸರು ನಕ್ಕರು. "ನೋಡ್ರೇ, ಕ್ರೀಟಿನವಳು ಗುಡ್ಡಕ್ಕೆ ಹೊರಟ್ಲು, ಇವತ್ತು ದನಗಳಿಗೆ ಉಪವಾಸ" ಅಂತ. ನಾವು ಬಂದಿಳಿದಾಗಿನಿಂದ ಇದೇ ನಗೆಚಾಟಿಕೆ. ಹೊಸದೊಂದು ಹುಟ್ಟಿಸುವಷ್ಟು ಬುದ್ಧಿಯೂ ಇಲ್ಲ ಅವರಿಗೆ. ಸೊಪ್ಪನ್ನು ಬೇಯಿಸಿ, ಎಣ್ಣೆ, ನಿಂಬೆ ಹಿಂಡಿ ತಿಂದೆವು. ನಿಮ್ಮ ಪಾಲಿನದನ್ನು ನಾನೇ ತಿಂದೆ.

ನಿಮ್ಮ ಕಾಗದ ಬಂತು. ನಾಲ್ಕು ಹಾಳೆಯಲ್ಲಿ ಮೂರೂವರೆ ಯುರೋಪಿಗೆ, ಅರ್ಧ ಮಗಳಿಗೆ. ಆ ಅರ್ಧದಲ್ಲಿ ನೀವು ಬರೆದದ್ದು ಇಷ್ಟು: ಶೆಫೀಕ್ ಮೇಷ್ಟ್ರಿಗೆ ಮೆಲಾಹತ್‌ಳನ್ನು ಕೊಡುವುದಿಲ್ಲ. ಅದನ್ನು ನಾನು ಅವಳಿಗೆ ಓದಿ ಹೇಳಿಲ್ಲ. "ಅಪ್ಪ ಏನಂದ್ರಮ್ಮಾ?" ಎಂದು ಕೇಳಿದಳು. "ಯೋಚ್ನೆ ಮಾಡ್ತಿದಾರಂತೆ ಕಣೇ" ಎಂದೆ. "ಅಪ್ಪ ಯೋಚ್ನೆ ಮಾಡೋಕೆ ಕೂತ್ರೆ ನಾನು ಮುದುಕಿ ಆಗ್ಹೋಗ್ತೀನಿ" ಎಂದು ನಕ್ಕು ಹೊಲಿಗೆಗೆ ಕೂತಳು. ನಕ್ಕದ್ದೇನೋ ನಿಜ, ಆದರೆ ಸೂಜಿಗೆ ದಾರ ಏರಿಸಲೂ ಆಗದೆ ಕಿಟಕಿ ಕಡೆ ನೋಡುತ್ತ ಕೂತಿದ್ದಳು. ನಿಮ್ಮ ಒಪ್ಪಿಗೆಯಿಲ್ಲದೆ ಮದುವೆಯಾಗುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಆ ಹಟ ಯಾರ ಕಡೆಯಿಂದ ಬಂತೆಂದು ನಾನು ಹೇಳಬೇಕಾಗಿಲ್ಲ. ಶೆಫೀಕನಿಗೆ ದೂರದ ಎರ್ಜುರುಮ್ ಕಡೆಗೆ ವರ್ಗವಾಗಿದೆ. ಜೂನ್ ಕೊನೆಗೆ ಶಾಲೆ ಮುಗಿದ ಕೂಡಲೇ ಹೊರಡಬೇಕು. ಅಷ್ಟರೊಳಗೆ ನಿಮ್ಮ ಒಪ್ಪಿಗೆ ಬರದಿದ್ದರೆ ಅವನು ಹೋಗುತ್ತಾನೆ, ಇವಳು ಉಳಿಯುತ್ತಾಳೆ. ಆದ್ದರಿಂದ ಈ ಕಾಗದವನ್ನು ಪುಸ್ತಕದ ರಾಶಿಯ ಅಡಿಗೆ ಸೇರಿಸಬೇಡಿ.

ಹುಡುಗನ ವಿಷಯ ಇದ್ದದ್ದು ಇದ್ದ ಹಾಗೆ ನಿಮಗೆ ಬರೆದುಬಿಟ್ಟಿದ್ದೆ. ಕೋಟಿನ ಮೇಲೆ ಬಾವುಟದ ಬಿಲ್ಲೆ, ಶಾಲೆಯ ಬಾಗಿಲಲ್ಲಿ "ನಾಡಿನವರೇ, ತುರ್ಕಿಯಲ್ಲೇ ಮಾತಾಡಿ" ಎಂಬ ಹಲಗೆ, ಮನೆಮಾತಾಡಿ ಸಿಕ್ಕಿಬಿದ್ದ ಮಕ್ಕಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುವುದು, ಎಲ್ಲವನ್ನೂ. ಬೇರೆ ತಾಯಂದಿರು ಹುಡುಗನ ಸಂಬಳ, ಹಲ್ಲು, ಮನೆತನದ ಬಗ್ಗೆ ಬರೆಯುತ್ತಾರೆ, ನಾನು ಬಿಲ್ಲೆಯ ಬಗ್ಗೆ ಬರೆದೆ. ನಿಮ್ಮಂಥವರ ಜೊತೆ ಬಾಳಿದ್ದಕ್ಕೆ ಇದೇ ಫಲ.

ನಿಮ್ಮ ಮೂರೂವರೆ ಹಾಳೆಯನ್ನು ನಾನು ಓದದೆ ಬಿಟ್ಟಿಲ್ಲ. ಒಂದು ಕಡೆ ಬರೆದಿದ್ದೀರಿ: 'ಊರನ್ನು ಪ್ರೀತಿಸಬೇಡಿ ಎಂದು ನಾನೆಲ್ಲೂ ಹೇಳಿಲ್ಲ. ಕ್ರೀಟಿನಲ್ಲಿ, ರೆಸ್ಮೋದ ನಮ್ಮ ಬಾವಿಯ ನೀರಿನ ರುಚಿ ಇನ್ನೂ ನನ್ನ ಬಾಯಲ್ಲಿದೆ. ಯುರೋಪಿನವರು ಮಾಡಿದ್ದು ಬೇರೆ. ದೇವರನ್ನು ಮನೆಯಿಂದ ಹೊರಗೆ ಕಳಿಸಿ, ಅವನ ಪೀಠದ ಮೇಲೆ ನೆಲವನ್ನೂ ರಕ್ತವನ್ನೂ ಕೂರಿಸಿದರು. ದೇವರು ಕೇಳುವುದನ್ನೆಲ್ಲ ಆ ಹೊಸ ದೇವರೂ ಕೇಳುತ್ತದೆ, ಇನ್ನೂ ಹೆಚ್ಚು ಕೇಳುತ್ತದೆ. ಮಗನನ್ನು ಕೇಳುತ್ತದೆ, ನಾಲಿಗೆಯನ್ನು ಕೇಳುತ್ತದೆ, ನೆರೆಯವನನ್ನು ಬಿಟ್ಟುಕೊಡು ಎನ್ನುತ್ತದೆ. ಕ್ಷಮಿಸುವುದು ಮಾತ್ರ ಅದಕ್ಕೆ ಬರುವುದಿಲ್ಲ. ಈಗ ನಮ್ಮವರೂ ಅದನ್ನು ಹೊತ್ತು ತಂದು ಮಸೀದಿಯ ಅಂಗಳದಲ್ಲೇ ಇಳಿಸಿದ್ದಾರೆ.'

ಸರಿಯಾಗಿ ಬರೆದಿದ್ದೀರಿ. ಇದರಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ರೆಸ್ಮೋದ ಬಂದರಿನಲ್ಲಿ ಗಂಟುಮೂಟೆ ಹಿಡಿದು ನಾನೂ ನಿಂತಿದ್ದೆನಲ್ಲ. ಎಲ್ಲೋ ಯುರೋಪಿನ ಒಂದು ಊರಿನಲ್ಲಿ ಮೇಜಿನ ಸುತ್ತ ಕೂತು ತೀರ್ಮಾನ ಮಾಡಿದರು, ಮಸೀದಿಗೆ ಹೋಗುವವರೆಲ್ಲ ತುರ್ಕಿಗೆ, ಚರ್ಚಿಗೆ ಹೋಗುವವರೆಲ್ಲ ಗ್ರೀಸಿಗೆ ಎಂದು. ಕೆಳಮನೆಯ ಕಲ್ಲಿಯೋಪಿ ಹಡಗಿನವರೆಗೂ ಬಂದು, "ನಿಮ್ಮ ಹಿತ್ತಿಲ ಅಂಜೂರಕ್ಕೆ ನೀರು ಹಾಕ್ತೀನಿ, ಚಿಂತೆ ಮಾಡ್ಬೇಡ ಕಣಮ್ಮಾ" ಎಂದು ಅಳುತ್ತಿದ್ದಳು. ಬಂದರಿನ ಗುಮಾಸ್ತ ಮಾತ್ರ ತಲೆ ಎತ್ತಿ ಸಹ ನೋಡಲಿಲ್ಲ. "ಮುಸ್ಲಿಮರಾ? ಹತ್ತಿ" ಎಂದ. ಅಲ್ಲಿ ನಮ್ಮ ನಮಾಜು ನೋಡಿ ಹೊರಹಾಕಿದರು, ಇಲ್ಲಿ ನಮ್ಮ ಗ್ರೀಕ್ ಮಾತು ಕೇಳಿ ಅರ್ಧ ಕಾಫಿರರು ಎನ್ನುತ್ತಾರೆ. ಇದನ್ನೇ ಹೇಳಲು ನೀವು ಬರೆದ ಪುಸ್ತಕ ಹುಟ್ಟಿದ್ದೇ ಆ ಹಡಗಿನಲ್ಲಿ ಎಂದು ನನಗೆ ಗೊತ್ತು.

ಆದರೂ ನಿಮಗೆ ಒಂದು ಸುದ್ದಿ ಹೇಳಬೇಕು. ಅದನ್ನು ಕೇಳಿದ ಮೇಲೆ ನಿಮ್ಮ ಅರ್ಧ ಹಾಳೆಯನ್ನು ಇನ್ನೊಮ್ಮೆ ಬರೆಯಿರಿ.

ನಿಮ್ಮ ಕಾಗದ ಕೈಗೆ ಬರುವ ಹೊತ್ತಿಗೆ ಹುಡುಗಿ ಕೇಳುವ ಶಾಸ್ತ್ರಕ್ಕೆ ದಿನ ಗೊತ್ತಾಗಿಬಿಟ್ಟಿತ್ತು. ಶೆಫೀಕನಿಗೆ ತಂದೆಯಿಲ್ಲ. ಹಿರಿಯರಾಗಿ ಮುಖ್ತಾರ್ ದುರ್ಮುಶ್ ಆಗಾ ಬರುವುದೆಂದು ಮಾತಾಗಿತ್ತು. ಊರಿನ ಮುಖ್ಯಸ್ಥನಿಗೆ ಬೇಡ ಎನ್ನುವ ಧೈರ್ಯ ನನಗಿಲ್ಲ. ಬಂದು ಕೇಳಿಕೊಂಡು ಹೋಗಲಿ, ಉತ್ತರ ಆಮೇಲೆ ಎಂದುಕೊಂಡೆ. ತುರ್ಕಿ ಬಿಟ್ಟು ಬೇರೆ ಮಾತಾಡಿದವರ ಹೆಸರು ಬರೆದುಕೊಂಡು ದಂಡ ಹಾಕುವವರೂ ಈ ಮುಖ್ತಾರರೇ ಎಂಬುದು ನಿಮ್ಮ ನೆನಪಿನಲ್ಲಿರಲಿ.

ಶುಕ್ರವಾರ ಮಧ್ಯಾಹ್ನ ಮೂವರೂ ಬಂದರು. ಮುಂದೆ ಮುಖ್ತಾರ್, ಹಿಂದೆ ಮಿಠಾಯಿ ಡಬ್ಬಿ ಹಿಡಿದ ಶೆಫೀಕ್, ಅವನ ಹಿಂದೆ ಅವನ ತಾಯಿ ಜೆಕಿಯೆ. ಈ ಜೆಕಿಯೆ ಊರಿಗೆಲ್ಲ ಮೂಗಿ. ಎರಡು ವರ್ಷದ ಹಿಂದೆ ಮಗನ ಜೊತೆ ಬಂದಾಗಲೇ ಅವನು ಹೇಳಿದ್ದ, ಅಮ್ಮನಿಗೆ ಕಾಯಿಲೆಯಾಗಿ ಗಂಟಲು ಹೋಗಿದೆ ಎಂದು. ಬಾವಿಕಟ್ಟೆಯಲ್ಲಿ ಸಿಕ್ಕರೆ ತಲೆ ಆಡಿಸಿ ನಗುತ್ತಿದ್ದಳು, ಅಷ್ಟೇ. ಪಾಪ ಎಂದುಕೊಳ್ಳುತ್ತಿದ್ದೆವು. ಅವತ್ತು ಸೋಫಾದ ತುದಿಯಲ್ಲಿ ಕೈ ಮಡಿಚಿ ಕೂತಳು. ಮೈಯೆಲ್ಲ ಮುದುರಿಕೊಂಡಿತ್ತು.

ಮೆಲಾಹತ್ ಕಾಫಿ ತಂದಳು. ಗಂಡಿನ ಬಟ್ಟಲಿಗೆ ಉಪ್ಪು ಹಾಕುವುದು, ಅವನು ಮುಖ ಸಿಂಡರಿಸದೆ ಕುಡಿಯುವುದು, ಅದೆಲ್ಲ ಇದ್ದದ್ದೇ. ನಮ್ಮ ಹುಡುಗಿ ಒಂದು ಚಿಟಿಕೆಗೆ ತೃಪ್ತಿಪಡುವವಳಲ್ಲ, ಚಮಚವನ್ನೇ ಮುಳುಗಿಸಿದ್ದಳು. "ಮೇಷ್ಟ್ರಿಗೆ ಸ್ವಲ್ಪ ಪಾಠ ಆಗ್ಲಿ ಬಿಡಮ್ಮಾ" ಅಂತ ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆದರೆ ತಟ್ಟೆಯಲ್ಲಿ ಬಟ್ಟಲು ಅದಲುಬದಲಾಗಿ, ಆ ಉಪ್ಪಿನ ಕಾಫಿ ಹೋದದ್ದು ಜೆಕಿಯೆಯ ಕೈಗೆ. ಮುಖ್ತಾರ್ ಗಂಟಲು ಸರಿಮಾಡಿಕೊಂಡು, "ಅಲ್ಲಾಹನ ಅಪ್ಪಣೆಯಿಂದ, ಪ್ರವಾದಿಯವರ ಮಾತಿನಂತೆ, ನಿಮ್ಮ ಮಗಳನ್ನ..." ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ಆಕೆ ದೊಡ್ಡದೊಂದು ಗುಟುಕು ಕುಡಿದುಬಿಟ್ಟಳು.

"ಅಯ್ಯ ನಮ್ಮವ್ವಾ! ಇದೇನ್ ಕಾಫಿ ಐತೋ ಸಮುದ್ರಾ ಐತೋ! ನಾಲಿಗಿ ಸುಟ್ಟು ಹೋತಲ್ಲೋ ಶೆಫೀಕಾ!"

ಮೂಗಿ ಮಾತಾಡಿದ್ದಳು. ಅದೂ ತುರ್ಕಿಯಲ್ಲಲ್ಲ, ಗ್ರೀಕಿನಲ್ಲಿ. ನಮ್ಮ ದ್ವೀಪದ ಧಾಟಿಯಲ್ಲ, ಮಕೆದೋನಿಯಾದ ಬೆಟ್ಟದ ಮುಸ್ಲಿಮರದು, ಒರಟು ಒರಟಾಗಿ, ಒಂದೊಂದು ಮಾತನ್ನೂ ಎಳೆದು. ಆದರೆ ನಮ್ಮದೇ ಮಾತು. ಮುಖ್ತಾರ್ ತೆರೆದ ಬಾಯಿ ಮುಚ್ಚಲಿಲ್ಲ. ಜೆಕಿಯೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮಗನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ತಾಯಿಯೊಬ್ಬಳು ಮಗನಿಗೆ ಹಾಗೆ ಹೆದರಬಾರದು.

ಶೆಫೀಕನ ಮುಖದಲ್ಲಿ ರಕ್ತವಿರಲಿಲ್ಲ. ಅಲ್ಬೇನಿಯಾದ ಮಾತು, ಬೋಸ್ನಿಯಾದ ಮಾತು ಎಂದು ಏನಾದರೊಂದು ಸುಳ್ಳು ಹೇಳುತ್ತಾನೆ, ಇಲ್ಲವೇ ತಾಯಿಯನ್ನು ಕಣ್ಣಲ್ಲೇ ಗದರಿಸುತ್ತಾನೆ ಎಂದುಕೊಂಡೆ. ಅವನು ಎದ್ದ. ತಾಯಿಯ ಮುಂದೆ ನೆಲಕ್ಕೆ ಮಂಡಿಯೂರಿ ಕೂತ. ಬಾಯಿಯ ಮೇಲಿನ ಕೈ ಬಿಡಿಸಿ, ಕರವಸ್ತ್ರದಿಂದ ಗಲ್ಲ ಒರೆಸಿ, ಅವಳದೇ ಮಾತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನೀರ್ ಕುಡಿ ಅವ್ವಾ. ಸಾವಕಾಶ. ಏನೂ ಆಗಿಲ್ಲ."

ಆಮೇಲೆ ಎದ್ದು ಮುಖ್ತಾರರ ಕಡೆ ತಿರುಗಿ ತುರ್ಕಿಯಲ್ಲಿ, "ಬರ್ಕೊಳ್ಳಿ ಆಗಾ. ಮೊದಲು ನನ್ನ ಹೆಸರು ಬರೀರಿ, ಆಮೇಲೆ ಅಮ್ಮಂದು" ಎಂದ.

ದುರ್ಮುಶ್ ಆಗಾ ನಿಮಗೆ ಗೊತ್ತಲ್ಲ, ಮೀಸೆ ಮಾತ್ರ ದಪ್ಪ. ಒಮ್ಮೆ ಅವನನ್ನು, ಒಮ್ಮೆ ಆ ಹೆಂಗಸನ್ನು ನೋಡಿದರು. "ಎಂಥದು ಬರ್ಕೊಳ್ಳೋದು? ನಾನಿಲ್ಲಿ ಹುಡುಗಿ ಕೇಳೋಕೆ ಬಂದಿದೀನಿ. ಕಾಫಿ ಬಿಸಿ ಇತ್ತು, ಆಯಮ್ಮ ಕೆಮ್ಮಿದ್ರು. ನನಗೆ ಕಿವಿ ಬೇರೆ ಸರಿಯಿಲ್ಲ" ಎಂದು, "ಎಲ್ಲಿದ್ದೆ ನಾನು? ಹಾಂ, ಪ್ರವಾದಿಯವರ ಮಾತಿನಂತೆ..." ಎಂದು ಮೊದಲಿನಿಂದ ಶುರು ಮಾಡಿದರು. ನಾನು ಉತ್ತರವನ್ನು ಹುಡುಗಿಯ ತಂದೆ ಕೊಡಬೇಕು ಎಂದೆ.

ಮರುದಿನ ಶೆಫೀಕ್ ಒಬ್ಬನೇ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತು ಕ್ಷಮೆ ಕೇಳಿದ. ನಾನು ಬಿಡಲಿಲ್ಲ. "ಹೆತ್ತ ತಾಯೀನ ಎರಡು ವರ್ಷ ಮೂಗಿ ಮಾಡಿ ಕೂರಿಸಿದ್ಯಲ್ಲೋ, ಯಾವ ಪುಸ್ತಕದಲ್ಲಿ ಕಲ್ತೆ?" ಎಂದೆ. ತಲೆ ತಗ್ಗಿಸಿಯೇ ಹೇಳಿದ: "ಹಡಗಿಂದ ಇಳಿದಾಗ ನನಗೆ ಹದಿನಾರು ವರ್ಷ. ಬಂದರಲ್ಲಿ ಅಮ್ಮ ನೀರು ಕೇಳಿದ್ಲು, ಅವಳ ಮಾತಲ್ಲಿ. ಕಲ್ಲು ಬಿತ್ತು. ಇಲ್ಲಿ ಎಡಗಣ್ಣಿನ ಮೇಲೆ ಗಾಯ ಇದೆ, ನೋಡಿರ್ತೀರಿ. ಅವತ್ತೇ ಅಂದ್ಕೊಂಡೆ, ಎಲ್ಲರೂ ಒಂದೇ ಮಾತಾಡಿದ್ರೆ ಇನ್ಯಾರೂ ಯಾರನ್ನೂ ಓಡಿಸಲ್ಲ, ಕಲ್ಲು ಹೊಡೆಯಲ್ಲ ಅಂತ. ಆ ಮಕ್ಕಳನ್ನ ಗೋಡೆಗೆ ನಿಲ್ಲಿಸೋದು ಅದಕ್ಕೇ. ನನ್ನ ಹತ್ರ ಗೋಡೆ, ಹೊರಗೆ ಹೋದ್ರೆ ಕಲ್ಲು."

ನೀವು ಇದ್ದಿದ್ದರೆ ಯುರೋಪಿನ ಇತಿಹಾಸದಿಂದ ಶುರು ಮಾಡುತ್ತಿದ್ದಿರಿ. ನನಗೆ ಅಷ್ಟೆಲ್ಲ ಬರುವುದಿಲ್ಲ. "ರೆಸ್ಮೋದಲ್ಲಿ ನಾವು ಎಲ್ಲರೂ ಒಂದೇ ಮಾತಾಡ್ತಿದ್ವಿ ಮಗನೇ" ಎಂದೆ. "ಮಸೀದಿಯವರು, ಚರ್ಚಿನವರು, ಎಲ್ಲರೂ. ಬೈಯ್ಯೋದೂ ಅದೇ ಮಾತಲ್ಲಿ, ಅಳೋದೂ ಅದೇ ಮಾತಲ್ಲಿ. ಆದ್ರೂ ಓಡಿಸಿದ್ರು."

ಅವನು ತಲೆ ಎತ್ತಿ, "ಹೊಜಾ ಅವರು ಏನೋ ಪುಸ್ತಕ ಬರೆದಿದಾರಂತಲ್ಲ, ಓದೋಕೆ ಕೊಡ್ತೀರಾ?" ಎಂದು ಕೇಳಿದ. ನಾನು ಕೊಡಲಿಲ್ಲ. ಅದನ್ನು ಬರೆದವರೇ ಕೊಡಲಿ ಎಂದೆ.

ಈಗ ವಾರಕ್ಕೆ ಎರಡು ಮಧ್ಯಾಹ್ನ ಜೆಕಿಯೆ ನಮ್ಮಲ್ಲಿಗೆ ಬರುತ್ತಾಳೆ. ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತ ಮಾತಾಡುತ್ತೇವೆ. "ನಿಮ್ಮ ದ್ವೀಪದ ಮಾತು ಹಾಡಿದಂಗ ಐತಿ, ಅರ್ಧಾ ತಿಳಿಯೂದಿಲ್ಲ ನೋಡ್ರಿ" ಎನ್ನುತ್ತಾಳೆ. "ನಿಮ್ಮದು ಬೈದ ಹಾಗಿದೆ, ಪೂರ್ತಿ ತಿಳಿಯುತ್ತೆ" ಎನ್ನುತ್ತೇನೆ. ಎರಡು ವರ್ಷ ಬಾಯಿ ಕಟ್ಟಿಕೊಂಡು ಹೇಗಿದ್ದೆ ಎಂದು ಕೇಳಿದರೆ, "ಕೋಳಿ ಜೋಡಿ ಮಾತಾಡ್ತಿದ್ದೆ. ಅದನ್ನೂ ಸಣ್ಣ ದನೀಲೆ ಮಾತಾಡು ಅಂತಿದ್ದ ನಮ್ಮ ಹುಡುಗ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾಳೆ.

ನಾವು ಒಳಗೆ ಮಾತಾಡುವಷ್ಟು ಹೊತ್ತೂ ಅವಳ ಮಗ ಏನು ಮಾಡುತ್ತಾನೆ ಗೊತ್ತೇ? ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ ತುರ್ಕಿ ಪತ್ರಿಕೆ ಓದುತ್ತಾನೆ. ಅದೇ ಬಿಲ್ಲೆ, ಅದೇ ಕೋಟು. ಗೋಧಿಯ ಧಾರಣೆ, ರೈಲಿನ ಸಮಯ, ಹಲ್ಲುಪುಡಿಯ ಜಾಹೀರಾತು, ಒಂದನ್ನೂ ಬಿಡುವುದಿಲ್ಲ. ಯಾರಾದರೂ ಹತ್ತಿರ ಬಂದರೆ ದನಿ ಇನ್ನಷ್ಟು ಏರುತ್ತದೆ. ಮೊನ್ನೆ ದುರ್ಮುಶ್ ಆಗಾ ನಿಂತು, "ಏನ್ ಮೇಷ್ಟ್ರೇ, ಹಲ್ಲುಪುಡಿ ಮೇಲೂ ಇಷ್ಟೊಂದು ದೇಶಭಕ್ತಿ!" ಎಂದರಂತೆ. ಒಳಗಿನ ನಮ್ಮ ಮಾತು ಹೊರಗೆ ಹೋಗಬಾರದೆಂದು ಗಂಟಲು ಹರಿದುಕೊಳ್ಳುವ ಆ ಹುಡುಗನನ್ನು ಕಿಟಕಿಯಿಂದ ನೋಡುವಾಗ ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲಿನಷ್ಟು ಪ್ರೀತಿ ಬರುತ್ತದೆ. ಶಾಲೆಯಲ್ಲೂ ಮಕ್ಕಳನ್ನು ಗೋಡೆಗೆ ನಿಲ್ಲಿಸುವುದನ್ನು ಬಿಟ್ಟಿದ್ದಾನೆ ಎಂದು ಮೆಲಾಹತ್ ಹೇಳಿದಳು. ಹಲಗೆ ಇನ್ನೂ ಇದೆ. ಒಂದೇ ದಿನಕ್ಕೆ ಎಲ್ಲವನ್ನೂ ಯಾರಿಂದ ಕೇಳುವುದು?

ನೀವು ಇವನ ಮುಖ ನೋಡಿಲ್ಲ. ಬಿಲ್ಲೆಯನ್ನು ನೋಡಿದಿರಿ, ಅದನ್ನೂ ನನ್ನ ಕಾಗದದಲ್ಲಿ, ಮತ್ತು ತೀರ್ಪು ಕೊಟ್ಟಿರಿ. ಬಂದರಿನ ಗುಮಾಸ್ತ ಮಾಡಿದ್ದೂ ಅದನ್ನೇ ಅಲ್ಲವೇ? ಈ ಮಾತು ನಿಮಗೆ ಎಷ್ಟು ನೋವು ಮಾಡುತ್ತದೆಂದು ನನಗೆ ಗೊತ್ತು. ಆದರೂ ಅಳಿಸುವುದಿಲ್ಲ. ಮನುಷ್ಯನನ್ನು ಬಾವುಟದಿಂದ ಅಳೆಯಬೇಡಿ ಎಂದು ಜಗತ್ತಿಗೆ ಹೇಳಲು ಹೊರಟವರು ನೀವು, ನಿಮ್ಮ ಅಳಿಯನನ್ನೂ ಹಾಗೆ ಅಳೆಯಬೇಡಿ. ಈ ಮದುವೆಗೆ ಒಪ್ಪಿಗೆ ಎಂದು ಬರೆದು ಕಳಿಸಿ. ಒಂದು ಸಾಲು ಸಾಕು.

ಇನ್ನು ಆ ಇನ್ನೊಂದು ಕಾಗದದ ವಿಷಯ, ಅಲ್ಲಿಯ ತುರ್ಕಿ ಸರ್ಕಾರದ ಕಚೇರಿಯವರು ನಿಮ್ಮ ಮುಂದೆ ಇಟ್ಟದ್ದು. ರಕ್ತವೂ ತುರ್ಕಿ, ಮನೆಮಾತೂ ತುರ್ಕಿ ಎಂದು ಸಹಿ ಹಾಕಿದರೆ ಮಾತ್ರ ಮರಳಿ ಬರಲು ರಹದಾರಿ. ತಾಯಿ ಲಾಲಿ ಹಾಡಿದ ಮಾತನ್ನು ಇಲ್ಲವೆನ್ನಲಾರೆ ಎಂದು ಹಿಂದಿರುಗಿಸಿ ಬಂದಿರಿ. ಪುಸ್ತಕ ಅಚ್ಚು ಹಾಕಿಸಿ ಆರು ತಿಂಗಳಲ್ಲಿ ಬರುತ್ತೇನೆಂದು ಹೋದವರಿಗೆ ನಾಲ್ಕು ವರ್ಷವಾಯಿತು. ನೀವು ಮಾಡಿದ್ದು ಸರಿ ಎಂದೇ ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಬನ್ನಿ ಎಂದು ಒಂದು ಸಲವೂ ಬರೆದಿಲ್ಲ, ಈಗಲೂ ಬರೆಯುವುದಿಲ್ಲ. ಮಗಳ ಮದುವೆಯ ದಿನ ಯಾರೋ ಹಿರಿಯರನ್ನು ನಿಮ್ಮ ಜಾಗದಲ್ಲಿ ಕೂರಿಸಿದರಾಯಿತು. ಮುಖ್ತಾರರೇ ಕೂರುತ್ತೇನೆ ಎನ್ನುತ್ತಿದ್ದಾರೆ.

ಉಣ್ಣೆಯ ಒಳಅಂಗಿಯನ್ನು ಬೇಸಿಗೆ ಬಂತೆಂದು ಎತ್ತಿಡಬೇಡಿ, ಸಮುದ್ರದ ಗಾಳಿ ಬೆಳಗ್ಗೆ ಇನ್ನೂ ತಣ್ಣಗಿರುತ್ತದೆ. ಓದುವಾಗ ದೀಪವನ್ನು ಎಡಕ್ಕಿಟ್ಟುಕೊಳ್ಳಿ. ಮೆಲಾಹತ್ ನಿಮ್ಮ ಕೈಗೆ ಮುತ್ತಿಡುತ್ತಾಳೆ.

ನಿಮ್ಮ ಪುಸ್ತಕವನ್ನು ಮೊದಲು ಓದಿದವಳು, ನಿಮ್ಮ ಹೆಂಡತಿ
ಫಿತ್ನತ್

ತಾ.ಕ.: ಕಾಗದ ಮಡಿಚಿದವಳು ಮತ್ತೆ ಬಿಚ್ಚಿದೆ. ಬಟ್ಟಲು ಅದಲುಬದಲಾದದ್ದು ಮೆಲಾಹತ್‌ಳ ಅವಸರದಿಂದಲ್ಲ. ಅವಳು ನೀರಿನ ಲೋಟಕ್ಕೆಂದು ತಿರುಗಿದಾಗ ನಾನೇ ಬದಲಾಯಿಸಿದೆ. ಹುಡುಗನನ್ನು ಪರೀಕ್ಷೆ ಮಾಡಲು ಹೀಗೆ ಮಾಡಿದೆ ಎಂದರೆ ನೀವು ಮೆಚ್ಚಿಕೊಳ್ಳುತ್ತೀರಿ, ಆದರೆ ಅದು ಸುಳ್ಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಜೆಕಿಯೆ ಎಡವಿದಳು, ಉಸಿರಿನಲ್ಲೇ ಅವ್ವಾ ಎಂದಳು. ಗ್ರೀಕಿನಲ್ಲಿ. ನನ್ನೊಬ್ಬಳಿಗೇ ಕೇಳಿಸಿತು. ನಮ್ಮ ಜೊತೆ ಹಡಗಿಳಿದವರೆಲ್ಲ ಇಜ್ಮಿರಿಗೆ ಹೋದರು, ಮೆಲಾಹತ್ ನನಗೆ ತುರ್ಕಿಯಲ್ಲೇ ಉತ್ತರ ಕೊಡುತ್ತಾಳೆ, ನೀವು ಹೋದ ಮೇಲೆ ಈ ಮನೆಯೊಳಗೆ ಆ ಮಾತಾಡಿದವರಿಲ್ಲ. ಜೆಕಿಯೆಯ ಬಾಯಿಂದ ಇನ್ನೊಂದು ಮಾತು ಕೇಳಬೇಕು ಅನ್ನಿಸಿತು. ಎದುರಿಗೆ ಮುಖ್ತಾರ್ ಕೂತಿದ್ದಾರೆ, ಆ ತಾಯಿಮಗನಿಗೆ ಏನಾದೀತು ಎಂಬುದು ಕೂಡ ನನ್ನ ತಲೆಗೆ ಹೊಳೆಯಲಿಲ್ಲ. ಅಷ್ಟರ ಮಟ್ಟಿಗೆ ಬಂದಿದ್ದೇನೆ ನಾನು.

ನೀವು ಒಪ್ಪಿದರೆ ಜೂನ್ ಕೊನೆಗೆ ಜೆಕಿಯೆಯೂ ಹೊರಡುತ್ತಾಳೆ, ಮೆಲಾಹತ್‌ಳೂ ಹೊರಡುತ್ತಾಳೆ. ಆದರೂ ಒಪ್ಪಿ. ಮತ್ತು ಆ ಕಚೇರಿಗೆ ಹೋಗಿ ಸಹಿ ಹಾಕಿ ಬನ್ನಿ. ನೀವು ಯಾರೆಂದು ಅವರು ಏನು ಬೇಕಾದರೂ ಬರೆದುಕೊಳ್ಳಲಿ, ನನಗೆ ಗೊತ್ತಿದೆ.